ಅರ್ಧ ಇಸ್ತ್ರಿಯಾದ ತಲೆ

ಮನೆ,
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ನನ್ನ ಪುಟ್ಟೀ,

ಹೇಗಿದ್ದೀಯೆ? ನಿನ್ನ ಮೊಣಕಾಲು ಏನನ್ನುತ್ತಿದೆ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದನ್ನು ನೀನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರುತ್ತೀ, ನನಗೆ ಗೊತ್ತು. ಬಟ್ಟೆ ಒಣಹಾಕುವ ನೆಪ, ಒಣಗಿತೋ ಇಲ್ಲವೋ ನೋಡುವ ನೆಪ, ಅದನ್ನು ತೆಗೆಯುವ ನೆಪ, ಹೀಗೆ ಹೊತ್ತಿಗೊಂದು ನೆಪ ಮಾಡಿಕೊಂಡು ಮಹಡಿ ಹತ್ತುತ್ತಿರುತ್ತೀ. ದಯವಿಟ್ಟು ಬೇಡ ಕಣೆ. ನಮ್ಮಿಬ್ಬರಲ್ಲಿ ಒಬ್ಬಳು ಬಿದ್ದಿದ್ದು ಸಾಕು. ನಿಮ್ಮವರ ಕೆಮ್ಮು ಇಳಿಯಿತೆ? ಬಿಸಿನೀರು ಕುಡಿಯಿರಿ ಅಂದರೆ ಕುಡಿಯುವ ಜನ ಅವರಲ್ಲ. ಲೋಟ ಕೈಗೆ ಕೊಟ್ಟು, ಖಾಲಿಯಾಗುವ ತನಕ ಎದುರಿಗೇ ನಿಂತುಕೋ.

ನನ್ನ ಕೈ ಪರವಾಗಿಲ್ಲ. ಪ್ಲಾಸ್ಟರ್ ಬಿಚ್ಚಿದ್ದಾರೆ. ತಟ್ಟೆಯಿಂದ ಬಾಯಿಗೆ ಬರುತ್ತದೆ, ಮೇಜಿನ ಮೇಲೆ ಊರಿಕೊಂಡರೆ ಬರೆಯುತ್ತದೆ. ಹೆಗಲಿಗಿಂತ ಮೇಲೆ ಹೋಗು ಅಂದರೆ ಮಾತ್ರ ಹಟ ಹಿಡಿದ ಮಗುವಿನಂತೆ ಅಲ್ಲೇ ಕೂರುತ್ತದೆ. ಇಷ್ಟುದ್ದದ ಕಾಗದ ಯಾಕೆ, ಫೋನ್ ಮಾಡಬಾರದಿತ್ತೆ ಅಂತ ಕೇಳಬೇಡ. ಫೋನಿನಲ್ಲಿ ನೀನು ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ನೀನೇ ಸೇರಿಸಿಕೊಳ್ಳುತ್ತೀ. ಹೋದ ಸಲ ನಾನು 'ಮೂಳೆ ಕೂಡಿದೆ' ಅಂದರೆ ನೀನು 'ಹೌದಾ, ಇಲ್ಲೂ ಮಳೆ' ಅಂದೆ. ಈ ಸಲದ ಸುದ್ದಿಯನ್ನು ನೀನು ಪೂರ್ತಿ ಕೇಳಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಸುದ್ದಿ ಕೈಯದಲ್ಲ, ತಲೆಯದು. ಈಗಲೇ ನಗಬೇಡ, ನಗುವುದಕ್ಕೆ ಮುಂದೆ ಜಾಗವಿದೆ. ಕೈ ಮೇಲೆ ಹೋಗದ ಮೇಲೆ ತಲೆ ಬಾಚುವುದು ಹೇಗೆ ಹೇಳು? ನೇರ ಕೂದಲಿನವರಿಗೆ ಈ ಕಷ್ಟ ಅರ್ಥವಾಗುವುದಿಲ್ಲ. ನಿನ್ನದನ್ನು ಬಾಚದೆ ಬಿಟ್ಟರೂ ಸಾಧುವಾಗಿ ಇಳಿಬಿದ್ದಿರುತ್ತದೆ. ನನ್ನದು ಎರಡು ದಿನ ಕೈಬಿಟ್ಟರೆ ಒಂದು ಸುರುಳಿ ಇನ್ನೊಂದರ ಕುತ್ತಿಗೆಗೆ ಬಿದ್ದು, ಆ ಇನ್ನೊಂದು ಮತ್ತೊಂದನ್ನು ಎಳೆದುಕೊಂಡು, ಮೂರನೆಯ ದಿನಕ್ಕೆ ಯಾರ ಕಾಲು ಯಾರದೋ ತಿಳಿಯದ ಹಾಗಾಗುತ್ತದೆ. ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದಷ್ಟು ದಿನ ಹಾಗೇ ಬಿಟ್ಟಿದ್ದೆನಲ್ಲ, ಕತ್ತಿನ ಹಿಂದೆ ನಿಂಬೆಹಣ್ಣಿನ ಗಾತ್ರದ ಗಂಟೊಂದು ಕಟ್ಟಿಕೊಂಡಿತ್ತು. ದಿಂಬಿನ ಮೇಲೆ ತಲೆಯಿಟ್ಟರೆ ಯಾರೋ ಕಲ್ಲಿಟ್ಟ ಹಾಗೆ ಒತ್ತುತ್ತಿತ್ತು.

ಆ ಗಂಟನ್ನು ಮುಟ್ಟಿಕೊಂಡಾಗಲೆಲ್ಲ ಅಮ್ಮ ನೆನಪಾಗುತ್ತಿದ್ದಳು. ನಿನ್ನ ತಲೆಗೆ ನಾಲ್ಕು ಸಲ ಬಾಚಣಿಗೆ ಎಳೆದು, ಜಡೆ ಹೆಣೆದು, 'ಹೋಗು, ಆಡ್ಕೋ' ಅನ್ನುತ್ತಿದ್ದಳು. ಆಮೇಲೆ ನನ್ನನ್ನು ತನ್ನ ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಯುದ್ಧಕ್ಕೆ ಕೂರುತ್ತಿದ್ದಳು. 'ತಲೇನೋ ಹಕ್ಕಿ ಗೂಡೋ' ಅಂತ ಅವಳು ಎಳೆಯುವುದು, ನಾನು ಬೀದಿಗೆಲ್ಲ ಕೇಳುವ ಹಾಗೆ ಕಿರುಚುವುದು. ನೀನು ಮಾತ್ರ ಆಡುವುದಕ್ಕೆ ಹೋಗದೆ ನನ್ನೆದುರು ಕೂತು ನನ್ನ ಎರಡೂ ಕೈ ಹಿಡಿದುಕೊಂಡಿರುತ್ತಿದ್ದೆ. ನೋವಾದಷ್ಟೂ ನಾನು ನಿನ್ನ ಬೆರಳು ಹಿಚುಕುತ್ತಿದ್ದೆ. ಒಂದು ದಿನವೂ ನೀನು ಬಿಡಿಸಿಕೊಳ್ಳಲಿಲ್ಲ. ಮದುವೆಯಾದ ಮೇಲೂ ಈ ಕೂದಲಿಗೆ ಮರ್ಯಾದೆ ಸಿಕ್ಕಿತು ಅಂದುಕೊಳ್ಳಬೇಡ. ಗಡಿಯಾರ ರಿಪೇರಿ ಮಾಡುತ್ತ ನಮ್ಮವರ ಕೈಯಿಂದ ಸಾಸಿವೆಯಷ್ಟು ಸಣ್ಣ ತಿರುಪು ಜಾರಿದರೆ ಮೊದಲು ನನ್ನನ್ನು ಕರೆದು 'ಸ್ವಲ್ಪ ತಲೆ ಕೊಡವು' ಅನ್ನುತ್ತಿದ್ದರು. ಒಂದು ಸಲ ನಿಜವಾಗಿಯೂ ಅಲ್ಲಿಂದಲೇ ಬಿತ್ತು ನೋಡು, ಆಮೇಲೆ ಅವರು ಇರುವ ತನಕ ಅದನ್ನೇ ಹೇಳಿಕೊಂಡು ನಕ್ಕರು.

ಸೊಸೆಯನ್ನು ಕೇಳಬಹುದಿತ್ತಲ್ಲ ಅನ್ನುತ್ತೀ. ಕೇಳಲಿಲ್ಲ. ಅವಳ ವಿಷಯ ನಿನಗೆ ಹಿಂದೆಯೂ ಬರೆದಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಲ್ಯಾಬಿನಲ್ಲಿ ಜನರ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ರಕ್ತ ತೆಗೆದು ಸಣ್ಣ ಸೀಸೆಗಳಿಗೆ ತುಂಬುವ ಕೆಲಸ. ಮನೆಗೆ ಬರುವಷ್ಟರಲ್ಲಿ ಅವಳ ಮಾತುಗಳೆಲ್ಲ ಖರ್ಚಾಗಿರುತ್ತವೆ. 'ಊಟಕ್ಕೆ ಬನ್ನಿ', 'ನೀರು ಕಾದಿದೆ', 'ಫೋನು ನಿಮಗೆ', ಇಷ್ಟೇ. ಮದುವೆಯಾಗಿ ಬಂದು ನಾಲ್ಕು ವರ್ಷವಾದರೂ ನನ್ನನ್ನು ಅತ್ತೆ ಅಂತಲೂ ಕರೆದವಳಲ್ಲ, ಅಮ್ಮ ಅಂತಲೂ ಕರೆದವಳಲ್ಲ. ಕರೆಯಲೇಬೇಕಾದರೆ ಕೂಗದೆ ನನ್ನ ಕೋಣೆಯ ಬಾಗಿಲವರೆಗೂ ಬಂದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಒಂದೇ ಮನೆಯನ್ನು ಬಾಡಿಗೆಗೆ ಹಂಚಿಕೊಂಡ ಇಬ್ಬರು ಮರ್ಯಾದಸ್ಥರ ಹಾಗೆ ಇದ್ದೆವು ನಾವು. ಅದರ ಮೇಲೆ ಆ ಡಬ್ಬಿಗಳ ಸಂಗತಿ ಬೇರೆ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿದ್ದ ನನ್ನ ಡಬ್ಬಿಗಳನ್ನೆಲ್ಲ ಒಂದು ಮಾತೂ ಕೇಳದೆ ಕೆಳಗಿನ ಖಾನೆಗೆ ಇಳಿಸಿದಳು, ಜೊತೆಗೆ ನನ್ನನ್ನೂ ಇಳಿಸಿದ ಹಾಗಾಯಿತು ಅಂತ ಅತ್ತುಕೊಂಡು ನಿನಗೆ ಬರೆದಿದ್ದೆನಲ್ಲ. ನೀನು ತಡೆಯಲಾರದೆ 'ಬಂದುಬಿಡು ಅಕ್ಕ, ಇನ್ನು ಇಲ್ಲೇ ಇರು' ಅಂದು, ನಿಮ್ಮ ಹಿಂದಿನ ಕೋಣೆ ಖಾಲಿ ಮಾಡಿಸಿ ಬಣ್ಣ ಹೊಡೆಯುವವರನ್ನು ಕರೆಸಿದೆ. ನಾನೂ ಒಂದೇ ಕೈಯಲ್ಲಿ ಮಂಚದ ಕೆಳಗಿನ ಪೆಟ್ಟಿಗೆಯನ್ನು ಹೊರಗೆ ಎಳೆದಿಟ್ಟೆ. ಮಗನಿಗಾಗಲಿ ಸೊಸೆಗಾಗಲಿ ಇನ್ನೂ ಏನೂ ಹೇಳಿರಲಿಲ್ಲ. ನಿನ್ನಲ್ಲಿಗೆ ಬರುವ ಮುಂಚೆ ಈ ತಲೆಯೊಂದನ್ನು ಸರಿಮಾಡಿಸಿಕೊಂಡರೆ, ಬಸ್ಸಿಳಿದಾಗ ನೀನು ಹೆದರಿಕೊಳ್ಳುವುದಿಲ್ಲವಲ್ಲ ಅಂದುಕೊಂಡೆ.

ಹೀಗೆ ನನ್ನ ಮೊದಲ ದಂಡಯಾತ್ರೆ ನಮ್ಮ ಬೀದಿಯ ಕೊನೆಯಲ್ಲಿ, ಔಷಧದ ಅಂಗಡಿಯ ಮಹಡಿಯಲ್ಲಿರುವ ಬ್ಯೂಟಿ ಪಾರ್ಲರಿಗೆ ಆಯಿತು. ಅಲ್ಲೊಬ್ಬಳು ಹುಡುಗಿ, ಬಾಯಲ್ಲಿ ಏನೋ ಅಗಿಯುತ್ತಿದ್ದಳು. ನಾನು ತಲೆಗೆ ಸುತ್ತಿದ್ದ ಬಟ್ಟೆ ತೆಗೆದದ್ದೇ ತಡ ಅಗಿಯುವುದು ನಿಂತಿತು. 'ಅಯ್ಯೋ, ಏನ್ ಆಂಟಿ ಇದು!' ಅಂದು ಒಳಗಿದ್ದ ಇನ್ನೊಬ್ಬಳನ್ನೂ ನೋಡುವುದಕ್ಕೆ ಕರೆದಳು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು, ಕೆಟ್ಟು ನಿಂತ ಗಾಡಿಯ ಸುತ್ತ ನಿಂತವರ ಹಾಗೆ ನಿಂತರು. ಆಮೇಲೆ ಮೊದಲಿನವಳು ಸಣ್ಣ ಹಲ್ಲಿನ ಬಾಚಣಿಗೆ ತಗೊಂಡು ನೆತ್ತಿಯಿಂದಲೇ ಶುರು ಮಾಡಿದಳು ನೋಡು, ನನಗೆ ಕಣ್ಣೀರು ತಟ್ಟನೆ ಬಂತು. ಮೂರನೆಯ ಎಳೆತಕ್ಕೆ ಬಾಚಣಿಗೆಯ ಹಲ್ಲು ಮುರಿದು ಕೂದಲಿನೊಳಗೇ ಉಳಿಯಿತು. ಅದನ್ನು ಹುಡುಕುವ ಗೋಜಿಗೆ ಹೋಗದೆ ತಲೆಗೆ ನೀರು ಚಿಮುಕಿಸಿ, ಒದ್ದೆ ಕೂದಲನ್ನು ಸೆಟೆದು ನಿಲ್ಲುವ ಹಾಗೆ ಎಳೆದು ಹಿಡಿದು ಕತ್ತರಿ ಹಾಕುವುದಕ್ಕೆ ಹೊರಟಳು. 'ಮಗಳೇ, ಒಣಗಿದ ಮೇಲೆ ಇದು ಮೇಲಕ್ಕೆ ಹಾರುತ್ತೆ. ಸ್ವಲ್ಪ ಉದ್ದ ಬಿಡಮ್ಮ' ಅಂದೆ. 'ನಂಗೊತ್ತು ಆಂಟಿ, ನಂಗ್ ಬಿಡಿ' ಅಂದಳು. ಸರಿ, ಅವಳಿಗೆ ಬಿಟ್ಟೆ.

ಒದ್ದೆಯಾಗಿದ್ದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಬಿಸಿಲಿನಲ್ಲಿ ಮನೆಯ ಕಡೆ ನಡೆಯುತ್ತಿದ್ದ ಹಾಗೆ ಒಂದೊಂದೇ ಸುರುಳಿ ನಿದ್ದೆಯಿಂದ ಎದ್ದ ಹಾಗೆ ಎದ್ದಿತು. ಬಾಗಿಲು ತೆಗೆದು ಕನ್ನಡಿ ನೋಡಿಕೊಂಡರೆ ಎಡಗಡೆ ಕಿವಿಯ ಮೇಲಕ್ಕೆ, ಬಲಗಡೆ ಗಲ್ಲದ ಹತ್ತಿರಕ್ಕೆ, ನಡುವೆ ನೆತ್ತಿಯ ಮೇಲೊಂದು ಕೊಡೆ. ಹಿಂದಿನ ಗಂಟು ಮಾತ್ರ ಕ್ಷೇಮವಾಗಿತ್ತು. ಅದನ್ನು ಬಿಟ್ಟು ಸುತ್ತಲೂ ಕತ್ತರಿಸಿದ್ದಳು ಮಹಾತಾಯಿ. ನನಗೂ ರೋಷ ಬಂದು ವಾಪಸ್ ಹೋದೆ. 'ಇಲ್ಲಿದ್ದಾಗ ಚೆನ್ನಾಗೇ ಇತ್ತಲ್ಲ ಆಂಟಿ. ನಿಮ್ ಕೂದಲೇ ಸರಿ ಇಲ್ಲ' ಅಂದಳು. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು. ತಲೆಗೆ ಮತ್ತೆ ಬಟ್ಟೆ ಸುತ್ತಿಕೊಂಡು ಬಂದುಬಿಟ್ಟೆ.

ಸಂಜೆ ಮಗ ಬಂದು ನೋಡಿದ, ನೀನು ಯಾವಾಗಲೂ 'ನನ್ನ ಮಗ' ಅನ್ನುತ್ತೀಯಲ್ಲ, ಆ ನಿನ್ನ ಮಗ. 'ಬೆಳೆಯುತ್ತಲ್ಲಮ್ಮ, ಬಿಡು' ಅಂದ. ನೆತ್ತಿಯ ಮೇಲೆ ಒಂದೆಳೆಯನ್ನೂ ಉಳಿಸಿಕೊಳ್ಳದವನು ಕೂದಲು ಬೆಳೆಯುವ ವಿಷಯದಲ್ಲಿ ಧೈರ್ಯ ಹೇಳಿದರೆ ನಂಬುವುದು ಹೇಗೆ? ಸೊಸೆ ಬಂದವಳು ಚಪ್ಪಲಿ ಬಿಡುತ್ತಿದ್ದ ಹಾಗೇ ನಿಂತಳು. 'ಯಾರು ಮಾಡಿದ್ದು ಇದನ್ನ?' ಅಂದಳು. ಆಮೇಲೆ ನನ್ನ ಹಿಂದೆ ಬಂದು ಗಂಟನ್ನು ಒಂದು ಬೆರಳಿನಿಂದ ಮುಟ್ಟಿ, 'ಇದು ಯಾವಾಗಿನಿಂದ?' ಅಂದಳು. ಪ್ಲಾಸ್ಟರ್ ಹಾಕಿದಾಗಿನಿಂದ ಅಂದೆ. 'ಹೇಳಲೇ ಇಲ್ವಲ್ಲ' ಅಂತ ಮೆಲ್ಲಗೆ ಅಂದಳು. 'ಇರ್ಲಿ ಬಿಡಮ್ಮ' ಅಂದು ನಾನು ಮುಖ ತಿರುಗಿಸಿಕೊಂಡೆ. ಅವಳು ಹೋಗಿ ಚಪ್ಪಲಿ ಜೋಡಿಸಿಟ್ಟು ಬಂದು, 'ಶನಿವಾರ ನನಗೆ ರಜೆ. ನಾನು ಕರ್ಕೊಂಡು ಹೋಗ್ತೀನಿ' ಅಂದಳು. ನಾಲ್ಕು ಜನ ನೋಡಿದರೆ ತನಗೆ ನಾಚಿಕೆಗೇಡು ಅನ್ನಿಸಿರಬೇಕು ಅಂತಲೇ ನಾನು ತಿಳಿದುಕೊಂಡೆ.

ಶನಿವಾರ ಹೋದದ್ದು ದೊಡ್ಡ ಜಾಗ. ಗಾಜಿನ ಬಾಗಿಲು, ಒಳಗೆ ಚಳಿ, ಎತ್ತ ತಿರುಗಿದರೂ ಕನ್ನಡಿ. ನಾನೊಬ್ಬಳೇ ಸಾಲದು ಅಂತ ಗೋಡೆ ತುಂಬ ಕೊಡೆತಲೆಯ ಮುದುಕಿಯರು. ಕೂದಲು ಕತ್ತರಿಸುವವನು ಒಬ್ಬ ಗಡ್ಡದವನು. ಗಡ್ಡವನ್ನು ಅಳತೆ ಹಿಡಿದು ಕತ್ತರಿಸಿದ ಹಾಗಿತ್ತು, ಅದನ್ನು ನೋಡಿ ನನಗೆ ಸ್ವಲ್ಪ ನಂಬಿಕೆ ಬಂದದ್ದು ನಿಜ. ಆದರೆ ಅವನು ನನ್ನ ಜೊತೆ ಮಾತಾಡಲೇ ಇಲ್ಲ. ನನ್ನ ತಲೆಯ ಮೇಲಿಂದ, ಕನ್ನಡಿಯೊಳಗಿನ ಸೊಸೆಯನ್ನು ನೋಡುತ್ತ, 'ಮೇಡಂ, ಇವರಿಗೆ ವಯಸ್ಸೆಷ್ಟು? ಮುಂಚಿನಿಂದಲೂ ಹೀಗೇನಾ?' ಅಂತ ಕೇಳಿದ. ಕಾಯಿಲೆಯ ಹಸುವನ್ನು ಹಿಡಿದುಕೊಂಡು ಬಂದವರನ್ನು ಕೇಳುವ ಹಾಗೆ. ಸೊಸೆ ಚುಟುಕಾಗಿ, 'ಗಂಟು ಬಿಡಿಸಿ, ಎರಡೂ ಕಡೆ ಸಮ ಮಾಡಿ. ಬೇರೇನೂ ಬೇಡ' ಅಂದಳು. ಅಷ್ಟರಲ್ಲಿ ಅವಳ ಲ್ಯಾಬಿನಿಂದ ಫೋನು. ಯಾರದೋ ಸೀಸೆಗೆ ಯಾರದೋ ಹೆಸರು ಅಂಟಿಸಿ ಗಲಿಬಿಲಿಯಾಗಿತ್ತಂತೆ. ಒಳಗೆ ಕೂದಲು ಒಣಗಿಸುವ ಯಂತ್ರಗಳ ಗದ್ದಲಕ್ಕೆ ಏನೂ ಕೇಳಿಸದೆ ಅವಳು ಹೊರಗೆ ಹೋದಳು.

ಅವಳ ಬೆನ್ನು ಮರೆಯಾಗುವುದನ್ನೇ ಕಾಯುತ್ತಿದ್ದವನ ಹಾಗೆ ಅವನು ಚಿಮಟದಂಥ ಇಸ್ತ್ರಿ ಯಂತ್ರವೊಂದನ್ನು ಎತ್ತಿಕೊಂಡ. 'ಸುಮ್ನೆ ಕೂತ್ಕೊಳ್ಳಿ ಅಜ್ಜಿ, ನಿಮ್ ಮಗಳಿಗೆ ಸರ್‌ಪ್ರೈಸ್ ಕೊಡೋಣ' ಅಂದ. ನಾನು ಬೇಡಪ್ಪ ಅಂದೆ. ಮೆಲ್ಲಗೆ ಅಂದೆನೋ ಏನೋ, ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದರೂ ಅವನು ನಿಲ್ಲಿಸುತ್ತಿರಲಿಲ್ಲ ಬಿಡು. ಎಡಗಡೆಯ ಒಂದೊಂದೇ ಸುರುಳಿಯನ್ನು ಹಿಡಿದು ಆ ಚಿಮಟದಲ್ಲಿ ಒತ್ತಿ ಎಳೆದ. ಸುಟ್ಟ ವಾಸನೆ, ಸಣ್ಣ ಹೊಗೆ, ಒಂದು ಸಲ ಕಿವಿಯ ತುದಿಗೂ ತಾಗಿತು. ನೋಡನೋಡುತ್ತಿದ್ದ ಹಾಗೆ ಅರ್ಧ ತಲೆ ಚಪ್ಪಟೆಯಾಯಿತು. ಕನ್ನಡಿಯಲ್ಲಿ ನೋಡಿದರೆ ನನ್ನ ಮುಖದ ಎಡಭಾಗದಲ್ಲಿ ಯಾರೋ ಗುರುತಿಲ್ಲದ ಹೆಂಗಸು. ಪುಟ್ಟೀ, ಈ ಕೂದಲನ್ನು ಬೈದುಕೊಂಡೇ ಇಷ್ಟು ವಯಸ್ಸು ಕಳೆದವಳು ನಾನು. ನಿನ್ನ ಕೂದಲು ನನಗೆ ಬರಬಾರದಿತ್ತೆ ಅಂತ ಎಷ್ಟು ಸಲ ಅಂದಿಲ್ಲ! ಆದರೆ ಅದು ಇಲ್ಲವಾದದ್ದನ್ನು ನೋಡಿದಾಗ, ಸರಿಯಿರುವ ಕೈಯಿಂದ ಬಲಗಡೆಯ ಸುರುಳಿಗಳನ್ನು ಮುಚ್ಚಿ ಹಿಡಿದೆ. ನಮ್ಮವರು ಈಗ ಎದುರಿಗೆ ಬಂದರೆ ಗುರುತು ಹಿಡಿಯಲಾರರು ಅನ್ನಿಸಿತು. ಹುಚ್ಚು ಯೋಚನೆ, ಆದರೂ ಅನ್ನಿಸಿತು.

ಸೊಸೆ ಒಳಗೆ ಬಂದಳು. ನನ್ನ ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಮೇಲಿಂದಲೇ ನೋಡಿದ್ದರು, ಇವಳೊಬ್ಬಳು ಕೆಳಗಿಂದ ಮುಖ ನೋಡಿ, 'ನೀವು ಮಾಡಿ ಅಂದ್ರಾ?' ಅಂತ ಕೇಳಿದಳು. ನಾನು ಇಲ್ಲ ಅಂತ ತಲೆಯಾಡಿಸಿದೆ. 'ಇದು ಬೇಕಾ ನಿಮಗೆ?' 'ಬೇಡ.' ಅವಳು ಎದ್ದು, 'ನಿಲ್ಲಿಸಿ' ಅಂದಳು. ಅವನು ನಕ್ಕ. 'ಮೇಡಂ, ಅರ್ಧಕ್ಕೆ ನಿಲ್ಲಿಸೋಕಾಗುತ್ತಾ? ಹೇಗಿದೆ ನೋಡಿ! ಪೊರಕೆ ಥರ ಇದ್ದಿದ್ದನ್ನ ರೇಷ್ಮೆ ಮಾಡಿದೀನಿ' ಅಂದ. ನಮ್ಮ ಸೊಸೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡವಳಲ್ಲ. ಅವತ್ತು ಪಕ್ಕದ ಕುರ್ಚಿಗಳ ಯಂತ್ರಗಳೆಲ್ಲ ನಿಂತು ಹೋಗುವ ಹಾಗೆ ಮಾತಾಡಿದಳು. 'ಅದು ಪೊರಕೆ ಅಲ್ಲ, ನಮ್ಮತ್ತೆ ಕೂದಲು. ನಮ್ಮತ್ತೆ ಬೇಡ ಅಂತಿದಾರೆ. ಕೆಳಗಿಡ್ರಿ ಅದನ್ನ' ಅಂದಳು.

ನಮ್ಮತ್ತೆ! ಒಂದೇ ಉಸಿರಿನಲ್ಲಿ ಎರಡು ಸಲ. ನನ್ನ ಕತ್ತಿಗೆ ಕಟ್ಟಿದ್ದ ಬಟ್ಟೆಯನ್ನು ಅವಳೇ ಬಿಚ್ಚಿದಳು, ನನ್ನ ಸರಿಯಿರುವ ಕೈ ಹಿಡಿದು ಎಬ್ಬಿಸಿದಳು. ಗಡ್ಡದವನು ಹಿಂದಿನಿಂದ 'ಆ ಗಂಟು ಬಿಡಿಸೋಕೆ ಯಾರ ಕೈಲೂ ಆಗಲ್ಲ, ಬುಡಕ್ಕೇ ಕತ್ತರಿಸ್ಬೇಕು' ಅಂತ ಏನೇನೋ ಹೇಳುತ್ತಲೇ ಇದ್ದ. ನಾವು ಹೊರಗೆ ಬಂದೆವು.

ಹೊರಗೆ ಬಂದ ಮೇಲೆ ನಮ್ಮ ಸ್ಥಿತಿ ನಮಗೇ ತಿಳಿಯಿತು. ಎಡಗಡೆ ಇಸ್ತ್ರಿ, ಬಲಗಡೆ ಪೊದೆ. ಒಂದು ಅಂಗಡಿಯ ಗಾಜಿನಲ್ಲಿ ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದೆವು. ಅವಳು ತುಟಿ ಬಿಗಿಹಿಡಿದಿದ್ದಳು. ನನ್ನ ಮೇಲೆ ಕೋಪವೇನೋ ಅಂದುಕೊಳ್ಳುತ್ತಿದ್ದೆ, ಮೂಗಿನಿಂದ ಒಂದು ಸದ್ದು ಬಂತು. 'ಸಾರಿ' ಅಂದಳು, ಮತ್ತೆ ಸದ್ದು ಬಂತು. ನಾನು 'ನಗಬೇಕಾದ್ರೆ ನಕ್ಕುಬಿಡಮ್ಮ, ಹೊಟ್ಟೆನೋವು ಬರುತ್ತೆ' ಅಂದೆ. ಬಸ್ಸಿನಲ್ಲಿ ಎದುರು ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಪುಟ್ಟ ಹುಡುಗಿ ನನ್ನನ್ನು ಈ ಕಡೆಯಿಂದ ಬಗ್ಗಿ ನೋಡಿದಳು, ಆ ಕಡೆಯಿಂದ ಬಗ್ಗಿ ನೋಡಿದಳು, ಆಮೇಲೆ ಬಸ್ಸಿಗೆಲ್ಲ ಕೇಳುವ ಹಾಗೆ 'ಅಮ್ಮಾ, ಇಬ್ರು ಅಜ್ಜಿ!' ಅಂದಳು. ಆ ತಾಯಿ ಪಾಪ ಮಗುವಿನ ಬಾಯಿ ಮುಚ್ಚಿದಳು. ನಮ್ಮ ಬಾಯಿ ಮುಚ್ಚುವವರು ಯಾರೂ ಇರಲಿಲ್ಲ. ನಾನೂ ಸೊಸೆಯೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕಿದ್ದು ಅದೇ ಮೊದಲು. ನಕ್ಕೂ ನಕ್ಕೂ ನಮ್ಮ ನಿಲ್ದಾಣವೇ ದಾಟಿಹೋಯಿತು. ಮುಂದೆ ಇಳಿದು ಅಷ್ಟು ದೂರ ಹಿಂದಕ್ಕೆ ನಡೆದು ಬಂದೆವು. ನನಗೇನೂ ದೂರ ಅನ್ನಿಸಲಿಲ್ಲ.

ಅವತ್ತು ಸಂಜೆ ಬಚ್ಚಲಿನಲ್ಲಿ ಮಣೆ ಹಾಕಿ ನನ್ನನ್ನು ಕೂರಿಸಿ ತಲೆ ತೊಳೆದಳು. ನೀರು ಹದವಾಗಿದೆಯೋ ಅಂತ ಮೊದಲು ತನ್ನ ಮಣಿಕಟ್ಟಿನ ಮೇಲೆ ಹಾಕಿಕೊಂಡು ನೋಡಿದಳು. ನೀರು ಬಿದ್ದ ಕೂಡಲೇ ಎಡಗಡೆಯದು ಇಸ್ತ್ರಿ ಮರೆತು ಮತ್ತೆ ಸುತ್ತಿಕೊಂಡಿತಂತೆ. 'ಬಂತು, ವಾಪಸ್ ಬಂತು' ಅಂತ ಕಳೆದುಹೋದ ಬೆಕ್ಕು ಸಿಕ್ಕವಳ ಹಾಗೆ ಕೂಗಿದಳು. ತಲೆ ಆರಿದ ಮೇಲೆ ಮಂಚದ ಮೇಲೆ ನನ್ನ ಬೆನ್ನ ಹಿಂದೆ ಕೂತು, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಆ ಗಂಟಿನ ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಬಂದಳು. ಬಾಚಣಿಗೆ ಮುಟ್ಟಲಿಲ್ಲ. 'ನೋವಾದ್ರೆ ಹೇಳಿ' ಅಂತ ಮೊದಲೇ ಹೇಳಿದ್ದಳು. ಹೇಳುವ ಪ್ರಸಂಗ ಬರಲಿಲ್ಲ. ಮುರಿದ ಬಾಚಣಿಗೆಯ ಹಲ್ಲೂ ಸಿಕ್ಕಿತು. ಅಡುಗೆಮನೆಯಲ್ಲಿ ನಿನ್ನ ಮಗ ನಾನಿದ್ದೇನೆ ಅಂತ ಧೈರ್ಯ ಹೇಳಿ ಪಾತ್ರೆಯ ತಳ ಹಿಡಿಸುತ್ತಿದ್ದ ವಾಸನೆ ಬರುತ್ತಿತ್ತು. ನಾವಿಬ್ಬರೂ ಏಳಲಿಲ್ಲ.

ಮುಖ ಕಾಣದಿದ್ದರೆ ಮಾತು ಸುಲಭ ಅಂತ ಅನ್ನಿಸುತ್ತದೆ ಪುಟ್ಟೀ. ಅವಳಿಗೆ ನನ್ನ ಬೆನ್ನು ಕಾಣುತ್ತಿತ್ತು, ನನಗೆ ಗೋಡೆ. ತನಗೂ ಸಣ್ಣವಳಿದ್ದಾಗ ಸೊಂಟದವರೆಗೆ ಕೂದಲಿತ್ತು ಅಂತ ಹೇಳಿದಳು. ತಾಯಿ ಹೋದ ಮೇಲೆ ಹಾಸ್ಟೆಲಿಗೆ ಸೇರಿಸಿದರಂತೆ. ಸೇರಿದ ವಾರವೇ ಮಕ್ಕಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಅಷ್ಟು ತಲೆ ಬಾಚುವವರು ಯಾರು ಅಂತ, ಕಿವಿಯ ಮೇಲಕ್ಕೆ ಕತ್ತರಿಸಿಬಿಟ್ಟರಂತೆ. 'ಯಾರೂ ಬೇಕಾ ಬೇಡ್ವಾ ಅಂತ ಕೇಳಲಿಲ್ಲ' ಅಂದಳು. ಅಷ್ಟೇ ಅಂದದ್ದು. ಅವಳು ಇವತ್ತಿಗೂ ಕೂದಲನ್ನು ಗಿಡ್ಡ ಇಟ್ಟುಕೊಂಡಿರುವುದನ್ನು ಸ್ಟೈಲು ಅಂದುಕೊಂಡಿದ್ದೆ. ನಾನು ಧೈರ್ಯ ಮಾಡಿ, 'ನನ್ನನ್ನ ಏನಂತಲೂ ಕರೆಯಲ್ವಲ್ಲ ನೀನು, ಯಾಕಮ್ಮ?' ಅಂತ ಕೇಳಿಯೇಬಿಟ್ಟೆ. ಬೆರಳುಗಳು ನಿಂತವು. 'ಅಮ್ಮ ಅಂತ ಕರಿ ಅಂತ ಇವರು ಹೇಳಿದ್ರು. ಆ ಮಾತು ಬಾಯಿಗೆ ಬರಲಿಲ್ಲ. ಅತ್ತೆ ಅಂದ್ರೆ ದೂರ ಇಟ್ಟೆ ಅಂದ್ಕೋತೀರೇನೋ ಅಂತ ಅದನ್ನೂ ಬಿಟ್ಟೆ' ಅಂದಳು. 'ಅತ್ತೆ ಅನ್ನೋದೇನು ಬೈಗುಳಾನೇನಮ್ಮ?' ಅಂದೆ. ಹಿಂದಿನಿಂದ ಸಣ್ಣಗೆ ನಕ್ಕದ್ದು ಕೇಳಿಸಿತು. ಬೆರಳು ಮತ್ತೆ ಆಡತೊಡಗಿದವು.

ಡಬ್ಬಿಗಳ ವಿಷಯವೂ ಬಂತು. ನಾನು ಎತ್ತಲಿಲ್ಲ, ಅವಳೇ ಹೇಳಿದಳು. 'ಮೇಲಿನದನ್ನ ತೆಗೆಯೋಕೆ ಸ್ಟೂಲ್ ಹತ್ತಿ ಮತ್ತೆ ಬಿದ್ದುಬಿಟ್ರೆ ಅಂತ ಕೆಳಗಿಟ್ಟೆ. ನಿಮ್ಮನ್ನ ಕೇಳಿ ಇಡಬೇಕಿತ್ತು.' ನಾನು ಸರಿಯಿರುವ ಕೈಯನ್ನು ಹಿಂದಕ್ಕೆ ಚಾಚಿ ಅವಳ ಮೊಣಕಾಲು ತಟ್ಟಿದೆ. ಇನ್ನೆರಡು ಎಳೆ ಬಿಡಿಸಿ, 'ಪೆಟ್ಟಿಗೆ ಯಾಕೆ ಹೊರಗೆ ಬಂದಿದೆ ಅತ್ತೆ?' ಅಂದಳು. ಧೂಳು ಹೊಡೆಯೋಣ ಅಂತ ತೆಗೆದೆ ಅಂದೆ. ಒಂದು ಕೈಯಲ್ಲಿ ಪೆಟ್ಟಿಗೆ ಎಳೆದವಳು ಧೂಳು ಹೊಡೆಯುವುದಕ್ಕೆ ಎಳೆದಿರಲಾರಳು ಅಂತ ತಿಳಿಯದಷ್ಟು ದಡ್ಡಿ ಅವಳಲ್ಲ.

ನಿನ್ನೆ ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿ, ನನ್ನ ಕತ್ತಿಗೆ ಹಳೆಯ ಹೊದಿಕೆ ಸುತ್ತಿ, ಹೊಸ ಕತ್ತರಿ ಹಿಡಿದು ನಿಂತಳು. ಒಣ ಕೂದಲಿಗೇ ಕತ್ತರಿ. 'ನನಗೂ ಬರಲ್ಲ ಅತ್ತೆ. ತಪ್ಪಾದ್ರೆ?' ಅಂದಳು. 'ಬೆಳೆಯುತ್ತೆ ಅಂತ ನಿನ್ನ ಗಂಡ ಗ್ಯಾರಂಟಿ ಕೊಟ್ಟಿದಾನಲ್ಲ' ಅಂದೆ. ಮೊದಲನೆಯ ಸುರುಳಿ ಕತ್ತರಿಸುವಾಗ ಇಬ್ಬರೂ ಉಸಿರು ಹಿಡಿದಿದ್ದೆವು. ಒಂದೊಂದನ್ನೂ ಬೆರಳಿನಲ್ಲಿ ಎತ್ತಿ, ಅದು ಹೇಗೆ ಬೀಳುತ್ತದೆ ನೋಡಿ, 'ಇಷ್ಟು?' ಅಂತ ಕೇಳುವಳು. 'ಇನ್ನೂ ಸ್ವಲ್ಪ ಬಿಡು' ಅನ್ನುವೆ. ಬಿಡುವಳು. ಎದುರಿಗೆ ಬಂದು ನೋಡುವಳು, ಹಿಂದೆ ಹೋಗುವಳು. ಕಾಫಿ ತಂದ ನಿನ್ನ ಮಗ ಸಲಹೆ ಕೊಡಲು ಬಾಯಿ ತೆರೆದ, ಇಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು, ಲೋಟ ಇಟ್ಟು ಹೋದ. ಹುಬ್ಬಿನ ಮೇಲಿನ ಒಂದು ಸುರುಳಿ ಮಾತ್ರ ತುಸು ಗಿಡ್ಡವಾಗಿ, ಏನೋ ಕೇಳಬೇಕು ಅನ್ನುವವರ ಹಾಗೆ ನೆಟ್ಟಗೆ ನಿಂತಿದೆ. ಅದಕ್ಕೆ ಅವಳು ಎಷ್ಟು ಪೇಚಾಡಿಕೊಂಡಳು ಅಂದರೆ, ನನಗೆ ಅದೇ ಇಷ್ಟ ಅಂತ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನಿಜವಾಗಿಯೂ ಇಷ್ಟವಾಯಿತು. ಈಗ ಕಿವಿಯ ಮಟ್ಟಕ್ಕೆ ಬೆಳ್ಳಗೆ, ಹಗುರವಾಗಿ, ಸುತ್ತಲೂ ಒಂದೇ ಸಮ ಇದೆ. ದಿಂಬಿಗೆ ತಲೆಯಿಟ್ಟರೆ ದಿಂಬು ಮಾತ್ರ ಸಿಗುತ್ತದೆ. ನೀನು ನೋಡಿದರೆ ಒಂದು ಸಲ ಕೈಯಾಡಿಸದೆ ಬಿಡುವುದಿಲ್ಲ.

ಇನ್ನು ಸಾಕು ಮಾಡುತ್ತೇನೆ, ಕೈ ಜೋಮು ಹಿಡಿಯುತ್ತಿದೆ. ನಿಮ್ಮವರಿಗೆ ನಾನು ಕೇಳಿದೆ ಅಂತ ಹೇಳು, ಬಿಸಿನೀರಿನ ವಿಷಯವನ್ನೂ ನನ್ನ ಹೆಸರಿನಲ್ಲೇ ಹೇಳು. ನಿನ್ನ ಮೊಣಕಾಲಿಗೆ ನೋವಿಲ್ಲದ ದಿನಗಳು ಬರಲಿ, ಮನೆ ತಂಪಾಗಿರಲಿ. ಸಣ್ಣವಳಿದ್ದಾಗ ಹಿಚುಕಿದ ಆ ಬೆರಳುಗಳಿಗೆಲ್ಲ ನನ್ನ ಮುತ್ತು.

ನಿನ್ನ,
ಅಕ್ಕ

ಮರೆತದ್ದು: ನಿನ್ನ ಮಗ ಊಟ ಮುಗಿಸಿ ಹೊರಟು ನಿಂತಿದ್ದಾನೆ, ಕಾಗದ ಅವನ ಕೈಯಲ್ಲೇ ಅಂಚೆಗೆ ಹೋಗಬೇಕು, ಅವಸರದಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಕೋಣೆಗೆ ಬಣ್ಣ ಹೊಡೆಯುವುದನ್ನು ನಿಲ್ಲಿಸಬೇಡ. ನಾನು ಬರುತ್ತೇನೆ. ಆದರೆ ಬಂದು ಹೋಗುವುದಕ್ಕೆ ಬರುತ್ತೇನೆ ಪುಟ್ಟೀ, ಇರುವುದಕ್ಕಲ್ಲ. ಮುನಿಸಿಕೊಳ್ಳಬೇಡ ಕಣೆ. ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟವಳು ಗೇಟಿನವರೆಗೆ ಹೋಗಿ ತಿರುಗಿ ಬಂದಳು. ಪೆಟ್ಟಿಗೆ ನೋಡಿಯೇ ಊಹಿಸಿದ್ದಳು ಅಂತ ಕಾಣುತ್ತದೆ, 'ಅತ್ತೆ, ಚಿಕ್ಕತ್ತೆ ಮನೆಗೆ ಹೋದ್ರೆ ವಾಪಸ್ ಯಾವಾಗ ಬರ್ತೀರಿ?' ಅಂತ ಕೇಳಿದಳು. ಎಂಟು ದಿನಕ್ಕೆ ಅಂದೆ. 'ಅಷ್ಟು ದಿನಾನಾ?' ಅಂದಳು.